ಮಕ್ಕಳ ಜೊತೆ ದೆಹಲಿ ಸುತ್ತಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ದೆಹಲಿಯಲ್ಲಿ ಮಕ್ಕಳಿಗೆ ತೋರಿಸಲು ಜಾಗಗಳಿಗೇನೂ ಬರವಿಲ್ಲ. ಪ್ರವಾಸ ಕೆಡುವುದು ಬೇರೆ ಮೂರು ಕಾರಣಕ್ಕೆ: ರಜೆ ಇರುವ ದಿನವೇ ಹೋಗಿ ಬಾಗಿಲು ನೋಡಿ ಬರುವುದು, ಒಂದೇ ದಿನ ಊರಿನ ನಾಲ್ಕೂ ದಿಕ್ಕಿಗೆ ಓಡುವುದು, ಒಳಗೆ ಎಷ್ಟು ನಡೆಯಬೇಕೆಂಬ ಅಂದಾಜು ಇಲ್ಲದಿರುವುದು. ಕೆಳಗಿನ ಬಹುತೇಕ ಉತ್ತರಗಳು ಸುತ್ತಿ ಬಳಸಿ ಈ ಮೂರಕ್ಕೇ ಬಂದು ನಿಲ್ಲುತ್ತವೆ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ. ಚಳಿ ಇಳಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ, ಉದ್ಯಾನಗಳಲ್ಲಿ ಹೂವು ತುಂಬಿರುತ್ತದೆ, ರಾಷ್ಟ್ರಪತಿ ಭವನದ ಅಮೃತ ಉದ್ಯಾನ ತೆರೆಯುವುದೂ ಈ ಹೊತ್ತಿಗೇ. ಎರಡನೇ ಆಯ್ಕೆ ಅಕ್ಟೋಬರ್ ಮೊದಲಾರ್ಧ.

ನಮ್ಮ ಕಡೆ ಶಾಲೆಗಳಿಗೆ ರಜೆ ಬರುವುದು ಏಪ್ರಿಲ್-ಮೇಯಲ್ಲಿ. ತೊಡಕು ಇರುವುದೇ ಇಲ್ಲಿ. ಮೇ, ಜೂನ್‌ನಲ್ಲಿ ಅಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವುದುಂಟು, ಜೊತೆಗೆ 'ಲೂ' ಎಂಬ ಒಣ ಬಿಸಿಗಾಳಿ. ಆಗಲೇ ಹೋಗಬೇಕಾದರೆ ಬೆಳಗ್ಗೆ ಆರರಿಂದ ಹತ್ತರವರೆಗೆ ಬಯಲಿನ ಜಾಗ, ಹನ್ನೊಂದರಿಂದ ನಾಲ್ಕರವರೆಗೆ ಮ್ಯೂಸಿಯಂ ಅಥವಾ ಹೋಟೆಲ್ ರೂಮು, ಸಂಜೆ ಮತ್ತೆ ಹೊರಗೆ. ಈ ಕ್ರಮ ತಪ್ಪಿಸಿದರೆ ಎರಡನೇ ದಿನ ಮಗು ಮಲಗಿಬಿಡುತ್ತದೆ.

ನವೆಂಬರ್ ಹೊಗೆಯ ತಿಂಗಳು. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜು. ಬೆಳಗಿನ ವಿಮಾನ, ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ವಿಮಾನ ಹಿಡಿಯುವುದು ವಾಸಿ. ಚಳಿಗಾಲದಲ್ಲಿ ರೂಮ್ ಬುಕ್ ಮಾಡುವಾಗ "ಹೀಟರ್ ಇದೆಯಾ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ" ಎಂದು ಫೋನಿನಲ್ಲೇ ಕೇಳಿ. ಎ.ಸಿ. ಇದೆ ಎಂದ ಮಾತ್ರಕ್ಕೆ ಅದು ರೂಮನ್ನು ಬೆಚ್ಚಗೂ ಮಾಡುತ್ತದೆ ಎಂದುಕೊಳ್ಳಬೇಡಿ.

ಗಾಳಿಯ ಗುಣಮಟ್ಟ ನೋಡಿಕೊಳ್ಳುವುದು ಹೇಗೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಬೆಳಗ್ಗೆ ಒಮ್ಮೆ ನೋಡಿದರೆ ಸಾಕು. ಸೂಚ್ಯಂಕ 200ರ ಒಳಗಿದ್ದರೆ ಯೋಜನೆ ಬದಲಿಸಬೇಕಿಲ್ಲ. 201ರಿಂದ 300 'ಕಳಪೆ': ಉಬ್ಬಸ, ಅಲರ್ಜಿ ಇರುವ ಮಕ್ಕಳಿದ್ದರೆ ಹೊರಗಿನ ಸುತ್ತಾಟ ಅರ್ಧಕ್ಕೆ ಇಳಿಸಿ. 301 ದಾಟಿದರೆ 'ಅತಿ ಕಳಪೆ', ಅಂದು ಒಳಾಂಗಣ ಮ್ಯೂಸಿಯಂಗಳೇ ಸರಿ. 400ರ ಮೇಲೆ 'ತೀವ್ರ'. ದೊಡ್ಡವರ ಎನ್95 ಮಾಸ್ಕನ್ನು ಮಗುವಿಗೆ ಹಾಕಿದರೆ ಕೆನ್ನೆಯ ಪಕ್ಕದಿಂದ ಗಾಳಿ ನುಗ್ಗುತ್ತದೆ, ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ. ಮಕ್ಕಳ ಅಳತೆಯದನ್ನು ಇಲ್ಲಿಂದಲೇ ಒಯ್ಯಿರಿ.

ಎಷ್ಟು ದಿನ ಬೇಕು? ದಿನಕ್ಕೆ ಎಷ್ಟು ಜಾಗ?

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ನಾಲ್ಕು ದಿನ, ದಿನಕ್ಕೆ ಒಂದು ದೊಡ್ಡ ಜಾಗ ಮತ್ತು ಅದರ ಪಕ್ಕದಲ್ಲೇ ಒಂದು ಸಣ್ಣದು. ಅಷ್ಟೇ. ಬಸ್ಸಿನವರು ಒಂದು ದಿನಕ್ಕೆ ಎಂಟು ಜಾಗ ತೋರಿಸುತ್ತಾರೆ, ನಿಜ. ಅದರಲ್ಲಿ ನಾಲ್ಕನ್ನು ಕಿಟಕಿಯಿಂದಲೇ ನೋಡಬೇಕು.

ದಿನಕ್ಕೊಂದು ದಿಕ್ಕು ಹಿಡಿದರೆ ಹೀಗೆ ಹಂಚಬಹುದು. ಹಳೆ ದೆಹಲಿ: ಕೆಂಪುಕೋಟೆ, ಚಾಂದನಿ ಚೌಕ್. ಮಧ್ಯ ದೆಹಲಿ: ರಾಷ್ಟ್ರೀಯ ಮ್ಯೂಸಿಯಂ, ಜಂತರ್ ಮಂತರ್, ಬಾಂಗ್ಲಾ ಸಾಹಿಬ್ ಗುರುದ್ವಾರ, ಸಂಜೆಗೆ ಇಂಡಿಯಾ ಗೇಟ್. ಮಥುರಾ ರಸ್ತೆಯ ಸಾಲು: ಮೃಗಾಲಯ, ಪುರಾನಾ ಕಿಲಾ, ವಿಜ್ಞಾನ ಕೇಂದ್ರ, ಹುಮಾಯೂನ್ ಸಮಾಧಿ, ಸುಂದರ್ ನರ್ಸರಿ ಎಂಬ ಉದ್ಯಾನ. ದಕ್ಷಿಣ: ಕುತುಬ್ ಮಿನಾರ್, ಲೋಟಸ್ ಟೆಂಪಲ್. ಚಾಣಕ್ಯಪುರಿ: ರೈಲು ಮ್ಯೂಸಿಯಂ, ತಾರಾಲಯ, ಪ್ರಧಾನಮಂತ್ರಿ ಸಂಗ್ರಹಾಲಯ. ಒಂದು ಗುಂಪಿನ ಎಲ್ಲವನ್ನೂ ಒಂದೇ ದಿನ ಮುಗಿಸಲೇಬೇಕೆಂದಿಲ್ಲ, ಎರಡನ್ನು ಆರಿಸಿ. ಕುತುಬ್ ಮಿನಾರನ್ನೂ ಕೆಂಪುಕೋಟೆಯನ್ನೂ ಒಂದೇ ದಿನಕ್ಕೆ ಹಾಕಿದರೆ ಊರಿನ ಆ ತುದಿಯಿಂದ ಈ ತುದಿಗೆ ಓಡುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಸೋಮವಾರ ಏನೇನು ಮುಚ್ಚಿರುತ್ತದೆ?

ಬಹಳಷ್ಟು. ಕೆಂಪುಕೋಟೆ, ರಾಷ್ಟ್ರೀಯ ಮ್ಯೂಸಿಯಂ, ರೈಲು ಮ್ಯೂಸಿಯಂ, ಗೊಂಬೆಗಳ ಮ್ಯೂಸಿಯಂ, ನೆಹರು ತಾರಾಲಯ, ಪ್ರಧಾನಮಂತ್ರಿ ಸಂಗ್ರಹಾಲಯ, ಅಕ್ಷರಧಾಮ, ಲೋಟಸ್ ಟೆಂಪಲ್ ಎಲ್ಲಕ್ಕೂ ಸೋಮವಾರವೇ ರಜೆ. ವಾರಾಂತ್ಯಕ್ಕೆ ಒಂದು ದಿನ ಸೇರಿಸಿಕೊಂಡು ಹೋಗುವವರು ಸಿಕ್ಕಿಬೀಳುವುದು ಇದರಲ್ಲೇ.

ಸೋಮವಾರವೂ ತೆರೆದಿರುವಂಥವು: ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ಪುರಾನಾ ಕಿಲಾ, ಜಂತರ್ ಮಂತರ್, ಲೋಧಿ ಗಾರ್ಡನ್, ಮೃಗಾಲಯ, ಯುದ್ಧ ಸ್ಮಾರಕ, ಗುರುದ್ವಾರ. ರಾಷ್ಟ್ರೀಯ ವಿಜ್ಞಾನ ಕೇಂದ್ರ ಮುಚ್ಚುವುದು ಹೋಳಿ ಮತ್ತು ದೀಪಾವಳಿಗೆ ಮಾತ್ರ. ಮೃಗಾಲಯದ ವಾರದ ರಜೆ ಶುಕ್ರವಾರ, ಅದೊಂದು ಬೇರೆ ನೆನಪಿಟ್ಟುಕೊಳ್ಳಿ.

ಆಗ್ರಾಕ್ಕೂ ಹೋಗಿಬರುವ ಯೋಚನೆ ಇದ್ದರೆ ಸೋಮವಾರವನ್ನು ಅದಕ್ಕೇ ಕೊಡಿ. ತಾಜ್ ಮಹಲ್‌ಗೆ ರಜೆ ಶುಕ್ರವಾರ, ಸೋಮವಾರ ತೆರೆದಿರುತ್ತದೆ. ಹಜರತ್ ನಿಜಾಮುದ್ದೀನ್ ನಿಲ್ದಾಣದಿಂದ ಬೆಳಗ್ಗೆ ಎಂಟರ ಸುಮಾರಿಗೆ ಹೊರಡುವ ಗತಿಮಾನ್ ಎಕ್ಸ್‌ಪ್ರೆಸ್ ಸುಮಾರು 100 ನಿಮಿಷದಲ್ಲಿ ಆಗ್ರಾ ಮುಟ್ಟಿಸುತ್ತದೆ, ಸಂಜೆ ಅದೇ ರೈಲಿನಲ್ಲಿ ವಾಪಸ್ಸು.

ಜನವರಿ 26, ಆಗಸ್ಟ್ 15ರ ಸುತ್ತಮುತ್ತ ಹೋದರೆ?

ಪೆರೇಡ್ ಪಾಸ್ ಕೈಯಲ್ಲಿಲ್ಲದಿದ್ದರೆ ಆ ವಾರ ಬಿಟ್ಟು ಹೋಗಿ. ಆಗಸ್ಟ್ 15ಕ್ಕೆ ಮುಂಚೆ ಹಲವು ದಿನ ಕೆಂಪುಕೋಟೆ ಬಂದ್. ಜನವರಿ ಎರಡನೇ ವಾರದಿಂದಲೇ ಕರ್ತವ್ಯ ಪಥದಲ್ಲಿ ತಾಲೀಮು ಶುರುವಾಗಿ ರಸ್ತೆಗಳನ್ನು ಮುಚ್ಚುತ್ತಾರೆ.

ಮೆಟ್ರೊದಲ್ಲಿ ಮಕ್ಕಳಿಗೆ ಟಿಕೆಟ್ ಬೇಕಾ?

ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 90 ಸೆಂಟಿಮೀಟರ್‌ಗಿಂತ ಗಿಡ್ಡ ಇರುವ ಮಗು ದೊಡ್ಡವರ ಜೊತೆ ಪುಕ್ಕಟೆ. ಅದಕ್ಕಿಂತ ಎತ್ತರವಾದರೆ ಪೂರ್ತಿ ಟಿಕೆಟ್. ಅರ್ಧ ಟಿಕೆಟ್ ಎಂಬುದೇ ಇಲ್ಲ. ಹಾಗಾಗಿ ಮೂರು ವರ್ಷ ದಾಟಿದ ಹೆಚ್ಚಿನ ಮಕ್ಕಳಿಗೆ ಟಿಕೆಟ್ ತೆಗೆಯಲೇಬೇಕು. 2025ರ ಆಗಸ್ಟ್‌ನಲ್ಲಿ ದರ ಏರಿದ ಮೇಲೆ ಕನಿಷ್ಠ ₹11, ಗರಿಷ್ಠ ₹64. ಭಾನುವಾರ ಮತ್ತು ರಾಷ್ಟ್ರೀಯ ರಜಾದಿನ ಸ್ವಲ್ಪ ಕಡಿಮೆ. ವಿಮಾನ ನಿಲ್ದಾಣದ ಲೈನಿಗೆ ದರ ಬೇರೆ.

ಒಂದೇ ಸ್ಮಾರ್ಟ್ ಕಾರ್ಡ್ ಉಜ್ಜಿ ಇಬ್ಬರು ಒಳಗೆ ಹೋಗಲು ಆಗುವುದಿಲ್ಲ, ಎರಡನೆಯವರಿಗೆ ಗೇಟು ತೆಗೆಯುವುದೇ ಇಲ್ಲ. ಮೊಬೈಲ್‌ನಲ್ಲಿ ತೆಗೆಯುವ ಕ್ಯೂಆರ್ ಟಿಕೆಟ್ ಕೂಡ ತಲೆಗೊಂದು. ಎಲ್ಲರ ಟಿಕೆಟ್ ಒಬ್ಬರ ಫೋನಿನಲ್ಲಿದ್ದರೆ ಫೋನ್ ಇರುವವರು ಗೇಟಿನ ಈಚೆಯೇ ನಿಂತು ಒಂದೊಂದೇ ಕೋಡ್ ತೋರಿಸಿ ಉಳಿದವರನ್ನು ದಾಟಿಸಬೇಕು, ತಾವು ಕೊನೆಗೆ ಹೋಗಬೇಕು. ಹೊರಬರುವಾಗಲೂ ಹಾಗೇ. ಒಳಗೆ ಹೋಗಲು ಬಳಸದ ಕೋಡನ್ನು ಹೊರಹೋಗುವ ಗೇಟು ಒಪ್ಪುವುದಿಲ್ಲ. ಆಗ ಕಸ್ಟಮರ್ ಕೇರ್ ಕೌಂಟರ್ ಮುಂದೆ ನಿಲ್ಲಬೇಕಾಗುತ್ತದೆ. ಇಷ್ಟೆಲ್ಲ ರಗಳೆ ಬೇಡ ಎನ್ನುವವರು ತಲೆಗೊಂದು ಕಾರ್ಡ್ ಮಾಡಿಸಿಕೊಳ್ಳುವುದೇ ಸಲೀಸು, ಪ್ರತಿ ಪ್ರಯಾಣಕ್ಕೆ ಶೇ. 10 ಕಡಿತವೂ ಸಿಗುತ್ತದೆ.

ಎಲ್ಲಾ ನಿಲ್ದಾಣದಲ್ಲೂ ಬ್ಯಾಗ್ ಸ್ಕ್ಯಾನ್ ಮತ್ತು ಮೈ ತಪಾಸಣೆ ಇರುತ್ತದೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸಾಲು. ಹೆಂಗಸರ ಸಾಲು ಸಾಮಾನ್ಯವಾಗಿ ಬೇಗ ಕರಗುತ್ತದೆ. ಮಗು ಯಾರ ಜೊತೆ ಹೋಗಬೇಕು, ಮೊದಲು ದಾಟಿದವರು ಎಲ್ಲಿ ಕಾಯಬೇಕು ಎಂಬುದನ್ನು ಸಾಲಿಗೆ ನಿಲ್ಲುವ ಮೊದಲೇ ಮಾತಾಡಿಕೊಳ್ಳಿ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಮಹಿಳೆಯರದು. ಅವಸರದಲ್ಲಿ ಇಡೀ ಸಂಸಾರ ಅದಕ್ಕೆ ಹತ್ತಿದರೆ ಅಪ್ಪನಿಗೆ ದಂಡ ಬೀಳುತ್ತದೆ. ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಎಂಟು: ಈ ಹೊತ್ತಿನಲ್ಲಿ ರಾಜೀವ್ ಚೌಕ್‌ನಲ್ಲಿ ಲೈನ್ ಬದಲಿಸುವ ಸಾಹಸ ಮಕ್ಕಳ ಜೊತೆ ಬೇಡ. ಸಾಧ್ಯವಿದ್ದರೆ ಮಂಡಿ ಹೌಸ್ ಅಥವಾ ಸೆಂಟ್ರಲ್ ಸೆಕ್ರೆಟರಿಯಟ್‌ನಲ್ಲಿ ಬದಲಿಸಿ.

ಉಳಿದುಕೊಳ್ಳಲು ಜಾಗ ಹುಡುಕುವಾಗ ವಯೊಲೆಟ್ ಲೈನ್ ಹತ್ತಿರ ನೋಡುವುದು ಜಾಣತನ. ಲಾಲ್ ಕಿಲಾ, ಜಾಮಾ ಮಸೀದಿ, ಐಟಿಒ, ಜನಪಥ್, ಖಾನ್ ಮಾರ್ಕೆಟ್, ಕಾಲ್ಕಾಜಿ ಮಂದಿರ್ ಎಲ್ಲವೂ ಆ ಒಂದೇ ಸಾಲಿನಲ್ಲಿವೆ.

ಸ್ಮಾರಕಗಳ ಟಿಕೆಟ್ ಎಷ್ಟು, ಮೊದಲೇ ತೆಗೆಯಬೇಕಾ?

ಪುರಾತತ್ವ ಇಲಾಖೆಯ ಸ್ಮಾರಕಗಳಿಗೆಲ್ಲ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಹದಿಮೂರು-ಹದಿನಾಲ್ಕರ ಎತ್ತರದ ಹುಡುಗರಿದ್ದರೆ ಆಧಾರ್ ಜೊತೆಗಿರಲಿ, ಗೇಟಿನಲ್ಲಿ ವಾದ ಉಳಿಯುತ್ತದೆ. ದೊಡ್ಡವರಿಗೆ ಕುತುಬ್ ಮಿನಾರ್, ಹುಮಾಯೂನ್ ಸಮಾಧಿಗೆ ನಗದು ಕೊಟ್ಟರೆ ₹40, ಆನ್‌ಲೈನ್ ₹35. ಜಂತರ್ ಮಂತರ್, ಪುರಾನಾ ಕಿಲಾದಂಥವಕ್ಕೆ ₹25 ಮತ್ತು ₹20.

ಉಳಿಯುವುದು ಐದು ರೂಪಾಯಿ, ಅದಕ್ಕಿಂತ ಸಮಯ ದೊಡ್ಡದು. ಗೇಟಿನ ಮುಂದೆ ನಿಂತು ಕ್ಯೂಆರ್ ಸ್ಕ್ಯಾನ್ ಮಾಡಲು ಹೋದರೆ ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ದುಡ್ಡು ಕಡಿತವಾಗಿ ಟಿಕೆಟ್ ಬರದೆ ಒದ್ದಾಡಬೇಕಾಗುತ್ತದೆ. ಬೆಳಗ್ಗೆ ರೂಮಿನಲ್ಲೇ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಳಗೆ ನೀರಿನ ಬಾಟಲಿ ಒಯ್ಯಬಹುದು, ತಿಂಡಿ ಕೂಡದು. ಮಕ್ಕಳಿಗೆ ಹೊಟ್ಟೆ ತುಂಬಿಸಿಯೇ ಒಳಗೆ ಕರೆದೊಯ್ಯಿರಿ.

ಕೆಂಪುಕೋಟೆ, ಕುತುಬ್, ಹುಮಾಯೂನ್ ಸಮಾಧಿ: ಒಂದನ್ನೇ ನೋಡುವುದಾದರೆ ಯಾವುದು?

ಸಣ್ಣ ಮಕ್ಕಳಿದ್ದರೆ ಹುಮಾಯೂನ್ ಸಮಾಧಿ. ಸುತ್ತ ಹುಲ್ಲು, ನೆರಳು, ಸಣ್ಣ ನೀರಿನ ಕಾಲುವೆ, ಮಕ್ಕಳು ಓಡಿದರೆ ಗದರಿಸುವವರಿಲ್ಲ. ಬಲಗಡೆ ಈಸಾ ಖಾನ್ ಸಮಾಧಿ ಸಿಗುತ್ತದೆ, ಎಂಟು ಮೂಲೆಯ ಕಟ್ಟಡ. ಮೂಲೆ ಎಣಿಸಲು ಮಕ್ಕಳನ್ನು ಬಿಟ್ಟರೆ ಕಾಲು ಗಂಟೆ ನಿಮಗೆ ಬಿಡುವು. ಮುಖ್ಯ ಸಮಾಧಿಯ ಜಗಲಿ ಹತ್ತುವ ಮೆಟ್ಟಿಲುಗಳು ಮಾತ್ರ ಕಡಿದಾಗಿವೆ, ಒಂದೊಂದು ಮೆಟ್ಟಿಲೂ ನಾಲ್ಕು ವರ್ಷದ ಮಗುವಿನ ಮೊಣಕಾಲಿನ ಮೇಲಕ್ಕೆ ಬರುತ್ತದೆ. ಇಳಿಯುವಾಗ ಕೈ ಬಿಡಬೇಡಿ. 2024ರಲ್ಲಿ ಶುರುವಾದ ನೆಲದಡಿಯ ಮ್ಯೂಸಿಯಂ ಬಿಸಿಲಿನ ದಿನಗಳಲ್ಲಿ ವರದಾನ. ಪಕ್ಕದಲ್ಲೇ ಸುಂದರ್ ನರ್ಸರಿ, ನವಿಲು ಕಾಣದೆ ಬರುವುದೇ ಅಪರೂಪ.

ಇತಿಹಾಸದ ಪಾಠ ಓದುತ್ತಿರುವ ಮಕ್ಕಳಿಗೆ ಕುತುಬ್ ಮಿನಾರ್. ಎತ್ತರ 72.5 ಮೀಟರ್, ಒಳಗೆ 379 ಮೆಟ್ಟಿಲು. "ಹತ್ತಬಹುದಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಲ್ಲ. 1981ರ ಡಿಸೆಂಬರ್ 4ರಂದು ಒಳಗೆ ದೀಪ ಆರಿ, ಕತ್ತಲಲ್ಲಿ ನೂಕುನುಗ್ಗಲಾಗಿ 45 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಶಾಲಾ ಮಕ್ಕಳು. ಅಂದಿನಿಂದ ಬಾಗಿಲು ಮುಚ್ಚಿದೆ. ಮಿನಾರಿಗಿಂತ ಮಕ್ಕಳನ್ನು ಹೆಚ್ಚು ಹಿಡಿದಿಡುವುದು ಅಂಗಳದ ಕಬ್ಬಿಣದ ಕಂಬ. ಏಳು ಮೀಟರ್‌ಗೂ ಹೆಚ್ಚು ಉದ್ದ, ಸುಮಾರು ಆರು ಟನ್ ತೂಕ, ಗುಪ್ತರ ಕಾಲದ್ದು, ಇನ್ನೂ ತುಕ್ಕು ಹಿಡಿದು ಹಾಳಾಗಿಲ್ಲ. ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಮೇಲೊಂದು ತೆಳುವಾದ ರಕ್ಷಣಾ ಪದರ ಕಟ್ಟಿಕೊಂಡಿದೆ. ಹಿಂದೆ ಅದಕ್ಕೆ ಬೆನ್ನು ಕೊಟ್ಟು ಹಿಂದಿನಿಂದ ಎರಡೂ ಕೈ ಕೂಡಿಸಿದರೆ ಅದೃಷ್ಟ ಎಂದು ಜನ ತಬ್ಬುತ್ತಿದ್ದರು. ಉಜ್ಜಿ ಉಜ್ಜಿ ಸವೆದದ್ದರಿಂದ ಈಗ ಬೇಲಿ ಹಾಕಿದ್ದಾರೆ. ಜನ ತಬ್ಬುತ್ತಿದ್ದ ಎತ್ತರದಲ್ಲಿ ಕಂಬದ ಬಣ್ಣ ಬೇರೆಯಾಗಿರುವುದು ಬೇಲಿಯಾಚೆಯಿಂದಲೂ ಕಾಣುತ್ತದೆ.

ಕೆಂಪುಕೋಟೆ ಹೊರಗಿನಿಂದ ಭವ್ಯ, ಒಳಗೆ ನಡಿಗೆ ಜಾಸ್ತಿ. ಲಾಹೋರಿ ದರ್ವಾಜಾದಿಂದ ಹೊಕ್ಕು ದಿವಾನ್-ಇ-ಖಾಸ್ ತನಕ ಹೋಗಿ ಬರುವಾಗ ನೆರಳು ಕಡಿಮೆ. ಎಂಟು ವರ್ಷದ ಮೇಲಿನವರಿಗೆ ಸರಿ. ಬ್ರಿಟಿಷರ ಕಾಲದ ಬ್ಯಾರಕ್‌ಗಳಲ್ಲಿ 2019ರಲ್ಲಿ ಶುರುಮಾಡಿದ ನೇತಾಜಿ ಮತ್ತು ಅವರ ಐಎನ್ಎ ಸೇನೆ, ಜಲಿಯನ್‌ವಾಲಾಬಾಗ್, 1857ರ ಮ್ಯೂಸಿಯಂಗಳು ದೊಡ್ಡ ಮಕ್ಕಳಿಗೆ ಚೆನ್ನ.

ರೈಲು ಮ್ಯೂಸಿಯಂಗೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಮೂರು ಗಂಟೆ, ಅದೂ ಸಾಲದು ಎನ್ನುವ ಮಕ್ಕಳಿದ್ದಾರೆ. ದೆಹಲಿಯಲ್ಲಿ ಐದರಿಂದ ಹತ್ತು ವರ್ಷದವರಿಗೆ ಒಂದೇ ಒಂದು ಜಾಗ ತೋರಿಸಬಹುದು ಎಂದರೆ ಇದನ್ನೇ ಹೇಳಬೇಕು. 1977ರಲ್ಲಿ ಚಾಣಕ್ಯಪುರಿಯಲ್ಲಿ ಶುರುವಾಯಿತು. ಬಯಲಿನಲ್ಲಿ ಹಳೆಯ ಉಗಿಬಂಡಿಗಳು ಸಾಲಾಗಿ ನಿಂತಿವೆ. ಮೈಸೂರು ಮಹಾರಾಜರ 1899ರ ಸಲೂನ್ ಬೋಗಿಯೂ ಇದೆ, ಕನ್ನಡದ ಮಕ್ಕಳಿಗೆ ಹುಡುಕಿ ತೋರಿಸಬೇಕಾದದ್ದು.

ತಪ್ಪಿಸಿಕೊಳ್ಳಬಾರದ್ದು ಪಟಿಯಾಲ ಸಂಸ್ಥಾನದ ಮಾನೊರೈಲು. 1907ರ ಕಾಲದ್ದು. ಗಾಲಿಗಳು ಓಡುವುದು ಒಂದೇ ಹಳಿಯ ಮೇಲೆ. ಬೀಳದಂತೆ ಪಕ್ಕದಲ್ಲಿ ಒಂದು ದೊಡ್ಡ ಚಕ್ರ ನೆಲದ ಮೇಲೆ ಉರುಳುತ್ತಾ ತೂಕ ಹಿಡಿಯುತ್ತದೆ, ಸೈಕಲ್ಲಿಗೆ ಒಂದೇ ಕಡೆ ಪುಟ್ಟ ಚಕ್ರ ಕಟ್ಟಿದಂತೆ. ಅದನ್ನು ಎಲ್ಲಾ ದಿನ ಓಡಿಸುವುದಿಲ್ಲ, ನಿಂತಿದ್ದಾಗಲೂ ಬಗ್ಗಿ ಚಕ್ರ ನೋಡಿ. ಒಳಗಿನ ಗ್ಯಾಲರಿಯ ಸಿಮ್ಯುಲೇಟರ್‌ಗೆ, ಮಕ್ಕಳ ರೈಲಿಗೆ ಟಿಕೆಟ್ ಬೇರೆ ಬೇರೆ. ಮೊದಲು ಮಕ್ಕಳ ರೈಲಿನ ಟಿಕೆಟ್ ತೆಗೆದು ಆಮೇಲೆ ಸುತ್ತಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆ ಸಾಲು ಬೆಳೆದುಬಿಡುತ್ತದೆ. ವಾರಾಂತ್ಯದಲ್ಲಿ ಪ್ರವೇಶ ದರವೂ ಹೆಚ್ಚು, ಹಾಗಾಗಿ ಮಂಗಳವಾರದಿಂದ ಶುಕ್ರವಾರದೊಳಗೆ ಹೋಗುವುದು ಎಲ್ಲ ರೀತಿಯಲ್ಲೂ ಲಾಭ. ಪಿಂಕ್ ಲೈನಿನಲ್ಲಿ ಬಂದು 'ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್' ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. ಹೌದು, ನಮ್ಮ ವಿಶ್ವೇಶ್ವರಯ್ಯನವರ ಹೆಸರೇ.

ಮೃಗಾಲಯ ನೋಡಲು ಯೋಗ್ಯವೇ?

ಬೇರೆ ಊರಿನ ಒಳ್ಳೆಯ ಮೃಗಾಲಯ ನೋಡಿದವರಿಗೆ ಪ್ರಾಣಿಗಳ ವಿಷಯದಲ್ಲಿ ಹೊಸದೇನೂ ಇಲ್ಲ. ಆದರೆ ಮಳೆಗಾಲ ಮುಗಿಯುವಾಗಿನಿಂದ ಚಳಿಗಾಲದ ಕೊನೆಯವರೆಗೆ ಅಲ್ಲಿನ ಕೊಳಗಳ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಪಂಜರದವಲ್ಲ, ಹೊರಗಿನಿಂದ ತಾವೇ ಹಾರಿ ಬಂದವು. ನೂರಾರು ಹಕ್ಕಿಗಳು ಒಂದೇ ಕಡೆ ಮರಿಗಳಿಗೆ ಮೀನು ಕೊಡುವುದನ್ನು ನೋಡಲಿಕ್ಕಾಗಿಯೇ ಹೋಗಬಹುದು. 1959ರಲ್ಲಿ ತೆರೆದ ಈ ಮೃಗಾಲಯ 176 ಎಕರೆ ಇದೆ, ಬ್ಯಾಟರಿ ಗಾಡಿ ಸಿಕ್ಕರೆ ಹತ್ತಿಬಿಡಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಹಕ್ಕಿಜ್ವರ ಬಂದಾಗ ಪೂರ್ತಿ ಮುಚ್ಚಿದ್ದುಂಟು, ಹೊರಡುವ ಮುನ್ನ ಆನ್‌ಲೈನ್ ಟಿಕೆಟ್ ಸಿಗುತ್ತಿದೆಯೇ ನೋಡಿ. ಇಳಿಯಬೇಕಾದ ಮೆಟ್ರೊ ನಿಲ್ದಾಣ ಬ್ಲೂ ಲೈನಿನ ಸುಪ್ರೀಂ ಕೋರ್ಟ್. ಹಳೆಯ ಮ್ಯಾಪ್‌ಗಳಲ್ಲಿ ಅದು ಪ್ರಗತಿ ಮೈದಾನ್.

ವಿಜ್ಞಾನದ ಹುಚ್ಚಿರುವ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು?

ಅದೇ ಸುಪ್ರೀಂ ಕೋರ್ಟ್ ನಿಲ್ದಾಣದ ಹತ್ತಿರ ರಾಷ್ಟ್ರೀಯ ವಿಜ್ಞಾನ ಕೇಂದ್ರ, ಭೈರೋನ್ ರಸ್ತೆಯಲ್ಲಿ. ಎಸ್ಕಲೇಟರ್‌ನಲ್ಲಿ ಮೇಲೆ ಹೋಗಿ ಒಂದೊಂದೇ ಮಹಡಿ ಇಳಿಯುತ್ತಾ ನೋಡುವ ಏರ್ಪಾಡು. ಗುಂಡಿ ಒತ್ತಿ, ಹಿಡಿ ತಿರುಗಿಸಿ ಮಾಡುವ ಪ್ರಯೋಗಗಳೇ ಹೆಚ್ಚು. ಕೆಲವು ಯಂತ್ರ ಕೆಟ್ಟಿರುತ್ತವೆ, ಅದಕ್ಕೆ ಬೇಸರ ಮಾಡಿಕೊಳ್ಳುತ್ತಾ ನಿಲ್ಲದೆ ಮುಂದಕ್ಕೆ ಹೋಗಿ.

ತೀನ್ ಮೂರ್ತಿ ಆವರಣದ ನೆಹರು ತಾರಾಲಯದಲ್ಲಿ ರಾಕೇಶ್ ಶರ್ಮಾ 1984ರಲ್ಲಿ ಭೂಮಿಗೆ ಮರಳಿದ ಸೊಯುಜ್ ಟಿ-10 ಬಾಹ್ಯಾಕಾಶ ನೌಕೆಯ ಕೋಶವನ್ನು ಇಟ್ಟಿದ್ದಾರೆ. ಮೂರು ಜನ ಅದರಲ್ಲಿ ಕೂತಿದ್ದರು ಎಂದರೆ ಮಕ್ಕಳು ನಂಬುವುದಿಲ್ಲ, ಅಷ್ಟು ಚಿಕ್ಕದು. ಪ್ರದರ್ಶನಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಯಾವ ಹೊತ್ತಿಗೆ ಯಾವ ಭಾಷೆ ಎಂದು ಕೇಳಿಕೊಂಡು ಟಿಕೆಟ್ ತೆಗೆಯಿರಿ.

ಜಂತರ್ ಮಂತರ್‌ಗೆ ಮೋಡವಿಲ್ಲದ ದಿನ ಹೋಗಿ. ಜೈಸಿಂಗ್ ಕಟ್ಟಿಸಿದ ಸಾಮ್ರಾಟ್ ಯಂತ್ರದ (ದೊಡ್ಡ ನೆರಳು ಗಡಿಯಾರದ) ನೆರಳು ಎಲ್ಲಿದೆ ಎಂದು ಗುರುತು ಹಾಕಿಕೊಂಡು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದರೆ ನೆರಳು ಸರಿದದ್ದು ಕಣ್ಣಿಗೇ ಕಾಣುತ್ತದೆ. ಈ ಒಂದು ಆಟ ಆಡಿಸದಿದ್ದರೆ ಅದು ಮಕ್ಕಳಿಗೆ ಬರೀ ಕೆಂಪು ಗೋಡೆ.

ರಾಷ್ಟ್ರೀಯ ಮ್ಯೂಸಿಯಂ ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ಪೂರ್ತಿ ನೋಡಿದರೆ ಆಗುತ್ತದೆ. ಹರಪ್ಪ ಗ್ಯಾಲರಿ ಮಾತ್ರ ನೋಡಿ ಹೊರಬನ್ನಿ. ಪಠ್ಯಪುಸ್ತಕದಲ್ಲಿ ಕಾಲು ಪುಟ ತುಂಬುವ 'ನರ್ತಕಿ' ನಿಜದಲ್ಲಿ ಹತ್ತೂವರೆ ಸೆಂಟಿಮೀಟರ್, ದೊಡ್ಡವರ ಅಂಗೈ ಅಗಲದಷ್ಟು. ಕಂಚಿನ ಆ ಪುಟ್ಟ ಹುಡುಗಿ ಸೊಂಟಕ್ಕೆ ಕೈ ಇಟ್ಟು, ತೋಳು ತುಂಬ ಬಳೆ ತೊಟ್ಟು ನಿಂತಿರುವುದನ್ನು ನೋಡಿದ ಮಗುವಿಗೆ ಆ ಪಾಠ ಮತ್ತೆ ಮರೆಯುವುದಿಲ್ಲ.

ಗೊಂಬೆ ಇಷ್ಟಪಡುವವರಿಗೆ ಐಟಿಒ ಮೆಟ್ರೊ ಹತ್ತಿರ ಶಂಕರ್ ಅಂತರರಾಷ್ಟ್ರೀಯ ಗೊಂಬೆಗಳ ಮ್ಯೂಸಿಯಂ ಇದೆ, ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ಸ್ಥಾಪಿಸಿದ್ದು. ಒಂದು ಗಂಟೆ ಸಾಕು. ಪಾಲಂ ಕಡೆ ಸುಲಭ್‌ನವರ ಶೌಚಾಲಯಗಳ ಮ್ಯೂಸಿಯಂ ಕೂಡ ಇದೆ, ಪ್ರವೇಶ ಉಚಿತ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಹೊರಬರುವ ಹೊತ್ತಿಗೆ ನೈರ್ಮಲ್ಯದ ಚರಿತ್ರೆಯನ್ನೂ ಒಂದಷ್ಟು ಕಲಿತಿರುತ್ತಾರೆ.

ಇಂಡಿಯಾ ಗೇಟ್‌ಗೆ ಯಾವ ಹೊತ್ತು ಸರಿ?

ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು. ಮೊದಲು ಅದರ ಹಿಂಭಾಗದಲ್ಲಿರುವ ರಾಷ್ಟ್ರೀಯ ಯುದ್ಧ ಸ್ಮಾರಕ ನೋಡಿ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದದ್ದು, ಒಂದರೊಳಗೊಂದು ನಾಲ್ಕು ಚಕ್ರಗಳ ವಿನ್ಯಾಸ, ಪ್ರವೇಶ ಉಚಿತ. ಗ್ರಾನೈಟ್ ಫಲಕಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಕೆತ್ತಿದ್ದಾರೆ. ಪಕ್ಕದಲ್ಲಿ ಪರಮವೀರ ಚಕ್ರ ಪಡೆದ 21 ಮಂದಿಯ ಪ್ರತಿಮೆಗಳಿವೆ. ಕತ್ತಲಾಗುತ್ತಿದ್ದಂತೆ ದೀಪ ಹತ್ತಿದ ಇಂಡಿಯಾ ಗೇಟ್, 42 ಮೀಟರ್ ಎತ್ತರದ್ದು. ಅದರ ಎದುರಿನ 'ಛತ್ರಿ' ಎಂಬ ಕಲ್ಲಿನ ಮಂಟಪದಡಿ ನಿಂತಿರುವ 28 ಅಡಿಯ ನೇತಾಜಿ ಪ್ರತಿಮೆ ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಬೆಳಕಿನ ಆಟಿಕೆ ಮಾರುವವರು ಮೊದಲು ಆಟಿಕೆಯನ್ನು ಮಗುವಿನ ಕೈಗೆ ಕೊಟ್ಟು ಆಮೇಲೆ ಬೆಲೆ ಹೇಳುತ್ತಾರೆ. ಒಳಗೆ ಕಾಲಿಡುವ ಮುಂಚೆಯೇ ಮಕ್ಕಳ ಜೊತೆ ಒಪ್ಪಂದ ಮಾಡಿಕೊಳ್ಳಿ.

ರಾಷ್ಟ್ರಪತಿ ಭವನದ ಒಳಗೆ ಹೋಗಲು ಆಗುತ್ತದೆಯೇ?

ಆಗುತ್ತದೆ, ಅಧಿಕೃತ ಜಾಲತಾಣದಲ್ಲಿ ಮೊದಲೇ ಸಮಯ ಕಾಯ್ದಿರಿಸಬೇಕು. ಮುಖ್ಯ ಕಟ್ಟಡ ಒಂದು ಸುತ್ತು, ಮ್ಯೂಸಿಯಂ ಇನ್ನೊಂದು ಸುತ್ತು, ಎರಡಕ್ಕೂ ಬುಕಿಂಗ್ ಬೇರೆ. ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ಹಾಕಿ, ಮೂಲ ಚೀಟಿಯನ್ನೇ ಒಯ್ಯಿರಿ. ವಸಂತದಲ್ಲಿ ತೆರೆಯುವ ಅಮೃತ ಉದ್ಯಾನಕ್ಕೆ ಶುಲ್ಕವಿಲ್ಲ, ಪ್ರವೇಶ ನಾರ್ತ್ ಅವೆನ್ಯೂ ಬಳಿಯ 35ನೇ ಗೇಟಿನಿಂದ. ಶನಿವಾರ ಬೆಳಗ್ಗೆ ಕಾವಲು ಬದಲಾವಣೆಯ ಕವಾಯತು ಇರುತ್ತದೆ, ಕುದುರೆಗಳನ್ನು ಹತ್ತಿರದಿಂದ ನೋಡುವ ಅವಕಾಶ.

ಅಕ್ಷರಧಾಮಕ್ಕೆ ಏನು ಒಯ್ಯಬಾರದು?

ಮೊಬೈಲ್, ಕ್ಯಾಮೆರಾ, ಸ್ಮಾರ್ಟ್ ವಾಚ್, ಪವರ್ ಬ್ಯಾಂಕ್, ಬ್ಯಾಗು ಯಾವುದೂ ಒಳಗೆ ಬಿಡುವುದಿಲ್ಲ. ಹೊರಗೆ ಕ್ಲೋಕ್‌ರೂಮ್ ಇದೆ. ಚೀಟಿ ಬರೆದು ಒಪ್ಪಿಸಬೇಕು, ಸಂಜೆ ವಾಪಸ್ ಪಡೆಯುವಾಗ ಉದ್ದ ಸಾಲು. ಒಂದು ಫೋನ್ ಮಾತ್ರ ಒಯ್ದು ಉಳಿದದ್ದನ್ನು ರೂಮಿನಲ್ಲೇ ಬಿಟ್ಟರೆ ಹಗುರ. ಒಳಗೆ ಯಾರ ಬಳಿಯೂ ಫೋನ್ ಇರುವುದಿಲ್ಲವಾದ್ದರಿಂದ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಬಾಗಿಲಲ್ಲೇ ನಿಶ್ಚಯಿಸಿಕೊಳ್ಳಿ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಬೇಕು. ದೇವಾಲಯಕ್ಕೆ ಶುಲ್ಕವಿಲ್ಲ, ಒಳಗಿನ ಪ್ರದರ್ಶನ ಮತ್ತು ಸಂಜೆಯ ನೀರಿನ ಷೋಗೆ ಟಿಕೆಟ್ ಇದೆ.

ಲೋಟಸ್ ಟೆಂಪಲ್‌ನಲ್ಲಿ ತೊಡಕು ಬೇರೆ: ಒಳಗೆ ಪಿಸುಮಾತೂ ಕೂಡದು. ತುಂಟ ಮೂರು ವರ್ಷದ ಮಗು ಇದ್ದರೆ ಒಬ್ಬರು ಹೊರಗೆ ನಿಂತು 27 ದಳ, 9 ಕೊಳ ಎಣಿಸುತ್ತಿರಿ, ಇನ್ನೊಬ್ಬರು ನೋಡಿ ಬರಲಿ.

ಚಾಂದನಿ ಚೌಕ್‌ಗೆ ಮಕ್ಕಳನ್ನು ಕರೆದೊಯ್ಯಬಹುದಾ?

ಬೆಳಗ್ಗೆ ಒಂಬತ್ತೂವರೆ-ಹತ್ತಕ್ಕೆ ಹೋದರೆ ಖಂಡಿತ, ಅಂಗಡಿಗಳು ಆಗತಾನೇ ತೆರೆಯುತ್ತಿರುತ್ತವೆ. ಕೆಂಪುಕೋಟೆಯಿಂದ ಫತೇಪುರಿ ಮಸೀದಿವರೆಗಿನ ಮುಖ್ಯ ರಸ್ತೆಯಲ್ಲಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಷೇಧ, ಸೈಕಲ್ ರಿಕ್ಷಾಗಳಷ್ಟೇ. ರಿಕ್ಷಾಗೆ ಒಟ್ಟು ಎಷ್ಟು, ಎಷ್ಟು ಜನಕ್ಕೆ, ವಾಪಸ್ ಬಿಡುತ್ತಾನಾ ಎಂಬ ಮೂರೂ ಮಾತು ಹತ್ತುವ ಮೊದಲೇ ಮುಗಿಯಲಿ. ಸ್ಟ್ರಾಲರ್ ಇಲ್ಲಿ ಕೆಲಸಕ್ಕೆ ಬಾರದು, ಎದೆಗೆ ಕಟ್ಟುವ ಬೇಬಿ ಕ್ಯಾರಿಯರ್ ಒಯ್ಯಿರಿ. ಮೆಟ್ರೊ ನಿಲ್ದಾಣಗಳು, ಕುತುಬ್, ಲೋಧಿ ಗಾರ್ಡನ್‌ನಲ್ಲಿ ಸ್ಟ್ರಾಲರ್ ನಿರಾತಂಕ.

ಊಟದ್ದೇ ಚಿಂತೆ. ಮಕ್ಕಳು ಅನ್ನ ಕೇಳುತ್ತಾರೆ.

ಅಶೋಕಾ ರಸ್ತೆಯ ಆಂಧ್ರ ಭವನದ ಕ್ಯಾಂಟೀನ್‌ನಲ್ಲಿ ತಟ್ಟೆ ಊಟದ ಖುಷಿ ಬೇರೆ, ಅನ್ನ, ಪಪ್ಪು (ತೊವ್ವೆ), ಮೊಸರು ಬಡಿಸುತ್ತಲೇ ಇರುತ್ತಾರೆ. ಖಾರ ಮಾತ್ರ ಜೋರು. ಒಂದು ಗಂಟೆಯ ನಂತರ ಜನ ನುಗ್ಗುತ್ತಾರೆ, ಹನ್ನೆರಡೂವರೆಗೇ ಹೋಗಿ. ಕನಾಟ್ ಪ್ಲೇಸ್ ಸುತ್ತ ಇಡ್ಲಿ-ದೋಸೆಗೆ ಕೊರತೆ ಇಲ್ಲ. ಎಲ್ಲೂ ಏನೂ ಸಿಗದಿದ್ದರೆ ಮೊಸರು ಮತ್ತು ಖಾರ ಹಾಕದ ಆಲೂ ಪರಾಠಾ. "ಮಿರ್ಚಿ ಬಿಲ್ಕುಲ್ ನಹೀ" ಎಂದು ಎರಡು ಸಲ ಹೇಳಿ. ಛೋಲೆ ಭಟೂರೆಯನ್ನು ಬೆಳಗಿನ ತಿಂಡಿಗೇ ಇಟ್ಟುಕೊಳ್ಳುವುದು ಒಳ್ಳೆಯದು, ರಾತ್ರಿ ತಿಂದರೆ ಜೀರ್ಣವಾಗುವುದಿಲ್ಲ. ಬಾಂಗ್ಲಾ ಸಾಹಿಬ್ ಗುರುದ್ವಾರದ ಲಂಗರ್‌ನಲ್ಲಿ ಯಾರು ಬೇಕಾದರೂ ಸಾಲಾಗಿ ಕೂತು ಉಣ್ಣಬಹುದು, ತಲೆಗೆ ಬಟ್ಟೆ ಕಡ್ಡಾಯ, ಮಕ್ಕಳಿಗೂ. ರೊಟ್ಟಿ ತೆಗೆದುಕೊಳ್ಳುವಾಗ ಎರಡೂ ಕೈ ಚಾಚಬೇಕು.

"ಇವತ್ತು ಬಂದ್ ಇದೆ" ಎಂದು ಆಟೋದವನು ಹೇಳಿದರೆ?

ನಂಬಬೇಡಿ. ನ್ಯೂ ಡೆಲ್ಲಿ ರೈಲು ನಿಲ್ದಾಣ ಮತ್ತು ಕನಾಟ್ ಪ್ಲೇಸ್ ಸುತ್ತ ಇದು ಹಳೆಯ ವರಸೆ. ಮೆಟ್ರೊ ಬಂದ್, ಹೋಟೆಲ್ ಬಂದ್, ಕೋಟೆ ಬಂದ್ ಎಂದು ಹೇಳಿ 'ಸರ್ಕಾರಿ ಟೂರಿಸ್ಟ್ ಆಫೀಸ್' ಹೆಸರಿನ ಖಾಸಗಿ ಅಂಗಡಿಗೆ ಕರೆದೊಯ್ಯುತ್ತಾರೆ. ಭಾರತ ಸರ್ಕಾರದ ಪ್ರವಾಸೋದ್ಯಮ ಕಚೇರಿ ಇರುವುದು 88, ಜನಪಥ್‌ನಲ್ಲಿ. ಆಟೋಗೆ ಆ್ಯಪ್‌ನಲ್ಲಿ ಮೊದಲು ದರ ನೋಡಿಕೊಂಡು, ಬೇಕಾದರೆ ಆಮೇಲೆ ಬೀದಿಯಲ್ಲಿ ಚೌಕಾಸಿ ಮಾಡಿ.

ಮಗು ತಪ್ಪಿಸಿಕೊಂಡರೆ ಮೊದಲು ಏನು ಮಾಡಬೇಕು?

ಒಬ್ಬರು ಮಗು ಕೊನೆಗೆ ಕಂಡ ಜಾಗದಲ್ಲೇ ನಿಲ್ಲಿ, ಕದಲಬೇಡಿ. ಇನ್ನೊಬ್ಬರು ಹತ್ತಿರದ ಸಮವಸ್ತ್ರದವರ ಬಳಿ ಹೋಗಿ. ಮೆಟ್ರೊದಲ್ಲಾದರೆ ಸಿಐಎಸ್‌ಎಫ್ ಭದ್ರತಾ ಸಿಬ್ಬಂದಿ ಅಥವಾ ಸ್ಟೇಷನ್ ಕಂಟ್ರೋಲರ್. ತುರ್ತು ಸಂಖ್ಯೆ 112, ಮಕ್ಕಳ ಸಹಾಯವಾಣಿ 1098, ಮೆಟ್ರೊ ಸಹಾಯವಾಣಿ 155370. ಬೆಳಗ್ಗೆ ಹೊರಡುವಾಗ ಮಗುವಿನ ಫೋಟೊ ಒಂದು ತೆಗೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಅಂದು ಹಾಕಿದ್ದ ಅಂಗಿಯ ಬಣ್ಣ ಎಷ್ಟೋ ಜನಕ್ಕೆ ನೆನಪಾಗುವುದಿಲ್ಲ.

ಫೋನ್ ನಂಬರನ್ನು ಬಾಲ್‌ಪೆನ್ನಿನಲ್ಲಿ ಅಂಗೈ ಮೇಲೆ ಬರೆದರೆ ಬೆವರಿಗೆ ಅಳಿಸಿಹೋಗುತ್ತದೆ. ಮಾರ್ಕರ್‌ನಿಂದ ಮುಂಗೈ ಮೇಲೆ ಬರೆಯಿರಿ. ಮೆಟ್ರೊ ಬಾಗಿಲು ಮುಚ್ಚಿಕೊಂಡು ಮಗು ರೈಲಿನಲ್ಲೇ ಉಳಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಮಗು ಪ್ಲಾಟ್‌ಫಾರಂನಲ್ಲಿ ಉಳಿದರೆ ಅಲ್ಲಿಂದ ಕದಲಬಾರದು. ಈ ಎರಡು ಮಾತನ್ನು ಮೊದಲ ಸಲ ಮೆಟ್ರೊ ಹತ್ತುವ ಮುಂಚೆ ಮಗುವಿನ ಬಾಯಲ್ಲೇ ಒಮ್ಮೆ ಹೇಳಿಸಿ.